ಗಂಟಿನ ಮುಂದೆ ನಡೆದಾಕೆ

ಪಕ್ಕದ ಮನೆಯ ಆಯಿಯ ಎಡಗಿವಿಯ ತುದಿ ಹರಿದು ಎರಡು ಸೀಳಾಗಿತ್ತು. ಯಾವಾಗಲೋ ಕುರಿಮರಿಯೊಂದು ವಾಲೆಯನ್ನೇ ಬಾಯಿಗೆ ಹಾಕಿಕೊಂಡು ಜಗ್ಗಿತ್ತಂತೆ. "ಹಸದಿತ್ತು ಪಾಪ, ಅದಕ್ಕೇನ ತಿಳೀತೈತಿ" ಎಂದು ಆಕೆ ಈಗಲೂ ಆ ಮರಿಯ ಪರವಾಗಿಯೇ ಮಾತಾಡುತ್ತಿದ್ದಳು.

ಬನಹಟ್ಟಿಯ ನಮ್ಮ ಓಣಿ ಪೂರಾ ನೇಕಾರರದು. ಗಂಡ ತೀರಿಕೊಂಡ ಮೇಲೆ ಕುರಿಗಳನ್ನೆಲ್ಲ ಮಾರಿ, ಬೀಳಗಿ ಕಡೆಯಿಂದ ಆಯಿ ನಮ್ಮ ಪಕ್ಕದಲ್ಲಿದ್ದ ತನ್ನ ಮಗಳ ಮನೆಗೆ ಬಂದಳು. ಹೆಗಲ ಮೇಲೆ ಕಂಬಳಿ, ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಶಿನ, ಹಿಂದೆ ಎರಡು ನಾಯಿ. ಆ ನಾಯಿಗಳೋ, ದೇವರೇ ಗತಿ! ಹಗಲೆಲ್ಲ ಓಣಿ ತುಂಬ ತಿರುಗುತ್ತಿದ್ದವು. ಖಾಲಿ ಕೈಯವರನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಗಂಟು ಹೊತ್ತವರು ಕಂಡರೆ ಮಾತ್ರ ಮುಗಿಯಿತು. ನೇಕಾರರ ಓಣಿಯಲ್ಲಿ ಗಂಟು ಹೊರದವರು ಯಾರಿದ್ದಾರೆ? ನೂಲಿನ ಗಂಟು ಒಳಗೆ ಬರಬೇಕು, ಸೀರೆಯ ಗಂಟು ಹೊರಗೆ ಹೋಗಬೇಕು. ಹೋಗದಿದ್ದರೆ ಒಲೆ ಉರಿಯುವುದಿಲ್ಲ.

ಒಂದು ದಿನ ನಮ್ಮತ್ತೆ ಸೀರೆ ಗಂಟು ಹೊತ್ತು ಅಂಗಡಿಗೆ ಹೊರಟಾಗ ಅವು ಅಡ್ಡಗಟ್ಟಿದವು. ಅತ್ತೆ ಬಿದ್ದು ಕೈ ಮುರಿದುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಆಯಿಯ ಬಾಗಿಲಿಗೇ ಹೋಗಿ ನಿಂತೆ.

"ನಾಯಿ ಕಟ್ಟಿ ಹಾಕ್ರಿ. ಇಲ್ಲಂದ್ರ ನಗರಸಭೆಯವರನ್ನ ಕರಸ್ತೇವಿ. ಒಯ್ದು ಎಲ್ಲಿ ಬಿಡ್ತಾರೋ ಬಿಡ್ಲಿ!"

ಆಯಿ ಜಗಳಕ್ಕೆ ಬರಲಿಲ್ಲ. ಹೊಸ್ತಿಲ ಬಳಿಯೇ ಕುಸಿದು ಕೂತಳು.

"ತಪ್ಪು ಅವುಗಳದ್ದಲ್ಲ ಯವ್ವಾ, ನಂದು. ಕುರಿ ಹಟ್ಟ್ಯಾಗಿಂದ ಯಾರರ ಏನರ ಹೊತ್ಕೊಂಡು ಹೊಂಟ್ರ ತಡೀಬೇಕಂತ ಮರಿ ಇದ್ದಾಗ ನಾನ ಕಲಿಸೇನಿ. ನೀವೆಲ್ಲಾ ಅವಕ್ಕ ಕುರಿ ಕಳ್ಳರ ಕಂಡಂಗ ಕಾಣ್ತೀರಿ. ಕಟ್ಟಿದ್ರ ಕೂಳು ಬಿಡ್ತಾವು, ಕಟ್ಟಿ ನೋಡೇನಿ. ಕುರಿ ಹೋದ್ವು, ಮನಿಯವರು ಹೋದ್ರು. ನನಗ ಉಳದಾವು ಇವೆರಡ. ಕರಸಬ್ಯಾಡವ್ವಾ, ನಾ ತಿದ್ದತೇನಿ."

ಮರುದಿನದಿಂದ ಓಣಿಯಲ್ಲಿ ಯಾರು ಗಂಟು ಎತ್ತಿದರೂ ಅವರ ಮುಂದೆ ಆಯಿ. ಕೋಲು ಊರಿಕೊಂಡು ನಡೆಯುವುದು, ನಾಯಿಗಳು ಹತ್ತಿರ ಬಂದರೆ ಗಂಟಿನ ಮೇಲೆ ಅಂಗೈ ಇಟ್ಟು, "ನಮ್ಮವರ ಅದಾರ, ಬಿಡ್ರಲೇ" ಅನ್ನುವುದು. ಗದರುತ್ತಿರಲಿಲ್ಲ, ಮನೆಯ ಮಕ್ಕಳಿಗೆ ಹೇಳಿದ ಹಾಗೆ ಹೇಳುತ್ತಿದ್ದಳು. ಮೊದಮೊದಲು ನಾನು ಮುಖ ಊದಿಸಿಕೊಂಡೇ ಹಿಂದೆ ಹೋದೆ. ಆದರೆ ಆ ಬಿಸಿಲು, ಆಕೆಯ ಬಾತ ಮೊಣಕಾಲು! ಎಷ್ಟು ದಿನ ಅಂತ ಮುಖ ತಿರುಗಿಸುವುದು? ಕಡೆಗೆ ನಾನೇ, "ಸಾಕ ಬಿಡ್ರಿ ಆಯಿ, ಕೂಡ್ರಿ" ಅಂದೆ.

"ಜಲಮೆಲ್ಲಾ ಕುರಿ ಹಿಂದ ನಡದೇನಿ. ನಿಮ್ಮ ಮುಂದ ನಾಕ ಹೆಜ್ಜಿ ನಡಿಯಾಕ ಏನ ಧಾಡಿ ನನಗ?" ಎಂದು ನಕ್ಕಳು.

ಮಳೆಗಾಲ ಮುಗಿಯುವಷ್ಟರಲ್ಲಿ ನಾಯಿಗಳು ಓಣಿಯ ಗಂಟು ಕಂಡರೆ ಬಾಲ ಅಲ್ಲಾಡಿಸಿ ಸುಮ್ಮನಾಗತೊಡಗಿದವು. ಕೈ ಕೂಡಿಬಂದ ಮೇಲೆ ನಮ್ಮತ್ತೆಯೇ ಅವಕ್ಕೆ ರೊಟ್ಟಿ ಹಾಕುತ್ತಿದ್ದರು. ಆಯಿ ನಮ್ಮ ಮಗ್ಗದ ಸದ್ದಿಗೆ ಬೈಯುತ್ತ, ನಮ್ಮ ಕಟ್ಟೆಯ ಮೇಲೆಯೇ ಕೂತು ಎಲೆಯಡಿಕೆ ಜಜ್ಜುತ್ತಿದ್ದಳು.

ಹೋದ ಚಳಿಗಾಲದಲ್ಲಿ ಆಯಿ ತೀರಿಕೊಂಡಳು. ದೂರದೂರಿನ ನೆಂಟರು ಬಂದರು. ಅವರನ್ನು ನಾಯಿಗಳು ಎಂದೂ ಕಂಡಿರಲಿಲ್ಲ. ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟು ಅಂಗಳ ದಾಟಿದ್ದೇ ತಡ, ಎರಡೂ ಎದ್ದು ಬಂದು ದಾರಿಗೆ ಅಡ್ಡ ನಿಂತವು. ಹಲ್ಲು ಕಿಸಿದು ಗುರುಗುಟ್ಟಿದವು. ಮಗಳು ಅಳುತ್ತ ಕರೆದರೂ ಸರಿಯಲಿಲ್ಲ. ಅವುಗಳ ಮನೆಯಿಂದ ಯಾರೋ ಹೊತ್ತುಕೊಂಡು ಹೊರಟಿದ್ದರು, ತಡೆಯಬೇಕಿತ್ತು. ಗುಂಪಿನಲ್ಲೊಬ್ಬ ಕಲ್ಲು ಎತ್ತಿದ.

"ಕಲ್ಲ ಕೆಳಗ ಒಗೀರಿ!" ಎಂದು ಒದರಿದವಳು ನಾನು.

ಮುಂದೆ ಹೋಗಿ ನಿಂತೆ. ಆಯಿಗೆ ಹೊದಿಸಿದ್ದ ಕಂಬಳಿಯ ಮೇಲೆ ಅಂಗೈ ಇಟ್ಟೆ.

"ನಮ್ಮವರ ಅದಾರ... ಬಿಡ್ರಲೇ."

ನಾಯಿಗಳು ನನ್ನ ಮುಖವನ್ನೇ ನೋಡಿದವು. ಆಮೇಲೆ ಪಕ್ಕಕ್ಕೆ ಸರಿದವು. ಓಣಿಯ ತುದಿಯವರೆಗೂ ನಾನು ಆಯಿಯ ಮುಂದೆ ನಡೆದೆ.