ಲಗ್ನಪತ್ರಿಕೆಯ ಡಬ್ಬಿಗಳು

ಯಾರದಾದರೂ ಮದುವೆಯ ಕಾಗದ ಕೈಗೆ ಬಂದು, ಮೂಲೆಗಳಿಗೆ ಹಚ್ಚಿದ ಅರಿಶಿನದ ವಾಸನೆ ಹೊಸ ಶಾಯಿಯ ಜೊತೆ ಬೆರೆತು ಮೂಗಿಗೆ ತಾಗಿದರೆ, ನನಗೆ ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಯ ಊಟದ ಮೇಜು ನೆನಪಾಗುತ್ತದೆ. ತೊಂಬತ್ತರ ದಶಕದ ನಡುವೆ ಅದರ ಸುತ್ತ ನಾವು ಆರು ಜನ ಕೂರುತ್ತಿದ್ದೆವು: ತಾತ, ಅಜ್ಜಿ, ಅಪ್ಪ, ಅಮ್ಮ, ಹತ್ತು ವರ್ಷದವಳಾದ ನಾನು, ಮತ್ತು ಅಪ್ಪನ ತಂಗಿ ಸುಮತಿ ಅತ್ತೆ. ಅತ್ತೆ ತ್ಯಾಗರಾಜನಗರದ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅವಳ ಮದುವೆ ಗೊತ್ತಾಗಿ, ಪತ್ರಿಕೆ ಅಚ್ಚಾಗಿ ಬಂದು, ಅಜ್ಜಿ ಎಲ್ಲಕ್ಕೂ ಅರಿಶಿನ ಹಚ್ಚಿ ಮುಗಿಸಿದ ವಾರವೇ ಸಂಬಂಧ ತಂದಿದ್ದ ಹಿರಿಯರೊಬ್ಬರು ಬಂದು ಹಜಾರದಲ್ಲಿ ಕೂತರು. "ಹುಡುಗ ಬೇಡ ಅಂತಿದಾನೆ, ರಾಯರೇ. ಯಾಕೇಂತ ಹೇಳ್ತಿಲ್ಲ," ಅಂದರು. ತಾತ, "ಕಾಫಿ ಆರೋಗತ್ತೆ, ಕುಡೀರಿ," ಅಂದರು. ಆ ವಿಷಯವಾಗಿ ನಮ್ಮ ಮನೆಯಲ್ಲಿ ನಡೆದ ಮಾತು ಅಷ್ಟೇ. ಯಾರೂ ಅಳಲಿಲ್ಲ. ಇಂಥ ಮೌನ ನಿಮ್ಮ ಮನೆಗಳಲ್ಲೂ ಇದ್ದಿರಬಹುದು. ಮಾರನೆಯ ದಿನ ಅತ್ತೆ ಎಂದಿನ ಬಸ್ಸಿಗೇ ಶಾಲೆಗೆ ಹೋದಳು. ಪತ್ರಿಕೆಗಳ ಕಟ್ಟು ಬೀರುವಿನ ಮೇಲೆ ಹತ್ತಿ ಕೂತಿತು.

ಕೆಲವು ತಿಂಗಳ ನಂತರ ಒಂದು ಭಾನುವಾರ ನುಗ್ಗೆಕಾಯಿ ಹುಳಿ ಮಾಡಿದ್ದರು. ಅಮ್ಮ ಬಡಿಸುವ ಮುಂಚೆ ಅತ್ತೆ ಕುರ್ಚಿ ಹತ್ತಿ ಒಂದು ಪತ್ರಿಕೆ ತೆಗೆದಳು. ಶಾಲೆಯ ಮಕ್ಕಳಿಗೆ ಕಲಿಸುವ ಹಾಗೆ ಅಂಚು ಮಡಿಸಿ, ಮೂಲೆಗಳನ್ನು ಒಳಕ್ಕೆ ಸೇರಿಸಿ, ಒಂದು ಚೌಕ ಡಬ್ಬಿ ಮಾಡಿ ತಾತನ ತಟ್ಟೆಯ ಪಕ್ಕ ಇಟ್ಟಳು.

"ಅಪ್ಪಾ, ಸಿಪ್ಪೆ ಇದ್ರಲ್ಲಿ ಹಾಕಿ."

"ಅದನ್ಯಾಕೆ ತೆಗೆದೆ ಸುಮಾ?" ಅಂದಳು ಅಜ್ಜಿ.

"ಗಟ್ಟಿ ಕಾಗದ ಅಮ್ಮಾ. ಸುಮ್ನೆ ಧೂಳು ಹಿಡೀತಿದೆ."

ತಾತ ಡಬ್ಬಿಯ ತಳವನ್ನೇ ನೋಡುತ್ತಿದ್ದು, ಆಮೇಲೆ ಅಗಿದ ನುಗ್ಗೆಸಿಪ್ಪೆಯನ್ನು ಮೆಲ್ಲಗೆ ಅದರೊಳಗೆ ಬಿಟ್ಟರು. ಅಂದಿನಿಂದ ದಿನವೂ ಕರಿಬೇವು, ಒಣಮೆಣಸಿನಕಾಯಿ, ಹಣ್ಣಿನ ಬೀಜ ಎಲ್ಲ ಆ ಡಬ್ಬಿಗಳಿಗೇ ಬೀಳತೊಡಗಿದವು. ಬಿಸಿ ಲೋಟದ ಕೆಳಗಿಡಲು ಚೌಕ, ಚಮಚಗಳಿಗೆ ಲಕೋಟೆ, ಎಲ್ಲವನ್ನೂ ಅತ್ತೆ ಅದೇ ಕಟ್ಟಿನಿಂದ ಮಡಿಸಿದಳು, ನನಗೂ ಕಲಿಸಿದಳು. "ಅಕ್ಷರ ಒಳಗೆ ಬರ್ಬೇಕಾ, ಹೊರಗಾ?" ಎಂದು ಕೇಳಿದ್ದೆ. "ಹೇಗ್ ಬಂದ್ರೂ ಸರಿ. ಅಂಚನ್ನ ಉಗುರಲ್ಲಿ ತೀಡು," ಅಂದಿದ್ದಳು. ಬರಬರುತ್ತಾ ಅದರ ಮೇಲೆ ಅಕ್ಷರಗಳಿವೆ ಎನ್ನುವುದೇ ನಮ್ಮ ಕಣ್ಣಿಗೆ ಬೀಳದಾಯಿತು.

ಮರುವರ್ಷ ವೈಯಾಲಿಕಾವಲಿನಿಂದ ಒಂದು ಮನೆಯವರು ಅತ್ತೆಯನ್ನು ನೋಡಲು ಬಂದರು. ನಿಂತುಹೋದ ಮದುವೆಯ ಸುದ್ದಿಯನ್ನು ಅಜ್ಜಿ ಅವರಿಗೆ ತಿಳಿಸಿರಲಿಲ್ಲ. ನನಗೂ ಬಾಯಿ ಬಿಡಬೇಡ ಎಂದಿದ್ದಳು. ನಾನು ಬಿಡಲಿಲ್ಲ. ಕಿತ್ತಳೆಹಣ್ಣಿನ ತಟ್ಟೆಗಳನ್ನು ತಂದಾಗ, ಎಂದಿನ ಅಭ್ಯಾಸದಂತೆ, ಒಬ್ಬೊಬ್ಬರ ಮುಂದೂ ಒಂದೊಂದು ಡಬ್ಬಿ ಇಟ್ಟೆ. ಹುಡುಗನ ತಾಯಿ ಬೀಜ ಹಾಕಲು ಚಾಚಿದ ಕೈ ಹಾಗೇ ನಿಂತಿತು. ಡಬ್ಬಿಯ ತಳದಲ್ಲಿ ಅತ್ತೆಯ ಹೆಸರು, ಅದರ ಪಕ್ಕದಲ್ಲಿ ಬೇರೊಬ್ಬನ ಹೆಸರು.

"ಇದು... ಈ ಹುಡುಗೀದೇನಾ?"

ಅಜ್ಜಿ ನನ್ನ ಕಡೆ ನೋಡಿದಳು. ಕಾಫಿ ತಟ್ಟೆ ಹಿಡಿದಿದ್ದ ಅತ್ತೆಯೇ, "ಹೌದು, ನಂದೇ. ನಿಂತ್ಹೋಯ್ತು. ತೊಗೊಳ್ಳಿ, ಕಾಫಿ," ಅಂದಳು. ಅವರು ಕುಡಿದು, ಕುಂಕುಮ ಇಡಿಸಿಕೊಂಡು ಹೋದರು. ಮತ್ತೆ ಏನೂ ಹೇಳಿಕಳಿಸಲಿಲ್ಲ. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅತ್ತು ಮುಗಿಸುತ್ತಿದ್ದೆನೇನೋ. ಅತ್ತೆ ಆ ಡಬ್ಬಿಗಳನ್ನು ಸಿಪ್ಪೆಯ ಸಮೇತ ಕಸದ ತೊಟ್ಟಿಗೆ ಸುರಿದು, ಮೇಜು ಒರೆಸಿ, ಮಕ್ಕಳ ನೋಟ್‌ಬುಕ್ ತಿದ್ದಲು ಕೂತಳು.

ಆಮೇಲೆ ಯಾರೂ ಅವಳನ್ನು ನೋಡಲು ಬರಲಿಲ್ಲ. ತಾತ ಹೋದರು, ಅಜ್ಜಿ ಹೋದಳು, ನಾವು ಆ ಮನೆ ಬಿಟ್ಟೆವು. ಅತ್ತೆ ಕೊನೆಯವರೆಗೂ ನಮ್ಮ ಜೊತೆಗೇ ಇದ್ದಳು. ಅವಳು ತೀರಿಕೊಳ್ಳುವ ಹಿಂದಿನ ವರ್ಷ, ಇಬ್ಬರೇ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ಅಷ್ಟು ವರ್ಷಗಳಲ್ಲಿ ಮೊದಲ ಸಲ ಕೇಳಿದೆ: "ಅತ್ತೆ, ಅವತ್ತು ನಾನು ಡಬ್ಬಿ ಇಡದೇ ಇದ್ದಿದ್ರೆ?"

"ಯಾವತ್ತು?" ಅಂದಳು.

ಮುಖ ನೋಡಿದೆ. ನಿಜವಾಗಿಯೂ ಮರೆತಿದ್ದಳೋ, ನನಗಾಗಿ ಮರೆತಳೋ, ತಿಳಿಯಲಿಲ್ಲ. ಅವಳು ಒಂದು ಬೊಗಸೆ ಕಾಯಿಯನ್ನು ನನ್ನ ಕಡೆ ತಳ್ಳಿದಳು.

"ಬೇಗ ಸುಲಿ. ಮಧ್ಯಾಹ್ನಕ್ಕೆ ಆಗ್ಬೇಕು."

ಸುಲಿದೆ.