ಕಲ್ಯಾಣದ ಕಡೆ ಹೋದ ಮಾಲೆ

ಡೊಂಬಿವಲಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಶಿಫ್ಟ್ ನೋಡಿಕೊಂಡವನು ನಾನು. ನಿವೃತ್ತಿಯ ಮೇಲೆ ಊರ ಪಕ್ಕದ ಖಾಡಿಯಲ್ಲಿ, ಎಂದರೆ ಸಮುದ್ರದ ನೀರು ಒಳನುಗ್ಗುವ ಅಳಿವೆಯಲ್ಲಿ, ದೋಣಿ ಸುತ್ತುವುದಕ್ಕೂ ವೇಳಾಪಟ್ಟಿ ಮಾಡಿದ್ದೆ. ತಿಂಗಳಿಗೊಂದು ಭಾನುವಾರ, ಎಂಟಕ್ಕೆ ಹೊರಡುವುದು, ಹತ್ತಕ್ಕೆ ದಡ. ಜೊತೆಗೆ ಹೆಂಡತಿ, ಅವಳ ಕೈಯಲ್ಲಿ ದೇವರಿಗೆ ಏರಿಸಿ ತೆಗೆದ ಹೂವಿನ ಚೀಲ.

ನೀರು ಯಾವಾಗ ತಿರುಗುತ್ತದೆಂದು ತಿಥಿ ನೋಡಿ ಲೆಕ್ಕ ಹಾಕುತ್ತಿದ್ದೆ. ಉಡುಪಿಯ ಕಡಲ ಪಕ್ಕ ಬೆಳೆದವನಿಗೆ ಅದು ಮಗ್ಗಿಯಷ್ಟೇ ಸಲೀಸು. ತಿಥಿಯ ಮುಕ್ಕಾಲು ಪಾಲು ಎಷ್ಟೋ ಅಷ್ಟು ಗಂಟೆಗೆ ಭರತ, ಅದಕ್ಕೆ ಆರು ಗಂಟೆ ಮೊದಲು ಇಳಿತ. ಸಮುದ್ರದಿಂದ ನಮ್ಮ ಖಾಡಿಯವರೆಗೆ ಬರಲು ಇನ್ನೊಂದೂವರೆ ಗಂಟೆ. ಆ ಭಾನುವಾರ ಬಿದಿಗೆ, ಎರಡನೆಯ ತಿಥಿ: ಒಂದೂವರೆಗೆ ಭರತ, ಬೆಳಿಗ್ಗೆ ಏಳೂವರೆಗೆ ಇಳಿತ. ಅಲ್ಲಿಗೆ ನಮ್ಮಲ್ಲಿ ಸಮುದ್ರದ ಕಡೆ ಹರಿಯುವ ನೀರು ಒಂಬತ್ತಕ್ಕೆ ಒಳನಾಡಿನ ಕಲ್ಯಾಣದ ಕಡೆ ತಿರುಗಬೇಕಿತ್ತು.

ಎಂಟೂವರೆ ದಾಟಿದಾಗ ಅವಳು ಚೀಲ ಬಿಚ್ಚಿದಳು. ಬಿಡಿ ಹೂ ಸಮುದ್ರದ ಕಡೆ ತೇಲಿದವು. ಗೊಂಡೆಹೂವಿನ ಮಾಲೆಯ ಒಂದು ತುದಿಯನ್ನು ಮಾತ್ರ ಹಿಡಿದು, ಉಳಿದದ್ದನ್ನು ಮುಳುಗಿಸಿ ಕೂತಳು.

"ಇಲ್ಲಿ ನೋಡಿ ಮಾರಾಯ್ರೆ, ಮಾಲೆ ಕಲ್ಯಾಣದ ಕಡೆ ಎಳೀತದೆ. ಅಡಿಯಲ್ಲಿ ನೀರು ಆಗಲೇ ತಿರುಗಿಯಾಯ್ತು."

ನಾನು ಗಡಿಯಾರ ನೋಡಿದೆ. "ಇನ್ನೂ ಇಪ್ಪತ್ತೈದು ನಿಮಿಷ ಉಂಟು. ದಾರ ತಿರುಚಿಕೊಂಡಿರಬೇಕು."

ಅವಳು ಮಾಲೆ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು. ಒಂಬತ್ತಕ್ಕೆ ಸರಿಯಾಗಿ ನೀರಿನ ಮೇಲಿನ ಕಸ ನಿಂತು, ಹಿಂದಕ್ಕೆ ಹೊರಟಿತು. "ನೋಡಿದೆಯಾ?" ಎಂದೆ. "ನೋಡಿದೆ" ಎಂದಳು. ಮುಂದಿನ ತಿಂಗಳ ಸುತ್ತಿನ ಹೊತ್ತಿಗೆ ಅವಳೇ ಇರಲಿಲ್ಲ.

ಒಂದು ವರ್ಷ ದೋಣಿಯ ಕಡೆ ಹೋಗಲಿಲ್ಲ. ಆದರೆ ಬೆಳಿಗ್ಗೆ ದೇವರ ಹೂ ತೆಗೆಯುವಾಗಲೆಲ್ಲ ಆ ಮಾಲೆಯ ಪ್ರಶ್ನೆ ಏಳುತ್ತಿತ್ತು. ಅವಳು ಹೇಳಿದ್ದು ನಿಜವೇ? ತಿಳಿಯದೆ ಇರಲು ನನ್ನಿಂದಾಗಲಿಲ್ಲ. ಮಳೆಗಾಲ ಮುಗಿದ ಮೇಲೆ, ಬಿದಿಗೆ ಭಾನುವಾರ ಬಂದಾಗ, ಒಂದು ಗೊಂಡೆಯ ಮಾಲೆ ಹಿಡಿದು, ದೋಣಿ ಹೊರಡುವ ರೇತಿಬಂದರಿಗೆ ಹೋದೆ.

ಆಗ ನಮ್ಮಿಬ್ಬರನ್ನು ಸುತ್ತಿಸುತ್ತಿದ್ದ ಅದೇ ದೋಣಿಯವನು, ಇಲ್ಲಿಯವನೇ ಆದ ಮೀನುಗಾರ. ಅಭ್ಯಾಸಬಲದಿಂದ ಎಡಗಡೆ ಕೂತೆ, ದೋಣಿ ವಾಲಿತು.

"ಕಾಕಾ, ಮಧೇ ಬಸಾ," ಎಂದ. ಒಬ್ಬರೇ ಇದ್ದಾಗ ನಡುವೆಯೇ ಕೂರಬೇಕಂತೆ.

ಎಂಟು ಮೂವತ್ತೈದಕ್ಕೆ ಅವನು ಹುಟ್ಟು ನಿಲ್ಲಿಸಿ ಲಂಗರು ಬಿಟ್ಟ. ನಾಲ್ಕಾರು ಹೂ ಕಿತ್ತು ನೀರಿಗೆ ಬಿಟ್ಟೆ. ಸಮುದ್ರದ ಕಡೆ ಹೋದವು. ಅಂಗಿಯ ತೋಳು ಮಡಚಿ, ಮಾಲೆಯ ತುದಿ ಹಿಡಿದು ಮೊಣಕೈಯವರೆಗೆ ಮುಳುಗಿಸಿದೆ. ಮೊದಲು ಸುಮ್ಮನೆ ತೂಗಿತು. ಆಮೇಲೆ ಕೆಳಗಿನ ತುದಿ ನಿಧಾನವಾಗಿ ಕಲ್ಯಾಣದ ಕಡೆ ತಿರುಗಿ, ದಾರ ಬೆರಳಿಗೆ ಬಿಗಿಯಿತು. ಕೈ ಬದಲಿಸಿದೆ. ದಾರ ಬಿಡಿಸಿ ಮತ್ತೆ ಇಳಿಸಿದೆ. ಅದೇ ದಿಕ್ಕು.

"ಭರತಿ ಯಾವಾಗಲೂ ಕೆಳಗಿಂದಲೇ ಬರೋದು, ಕಾಕಾ," ಎಂದ ದೋಣಿಯವನು, ತನ್ನ ಮರಾಠಿಯಲ್ಲಿ. "ಅವತ್ತು ಕಾಕೂ ಮಾಲೆ ಮುಳುಗಿಸಿದ್ರಲ್ಲ, ದಡಕ್ಕೆ ಇಳಿಯುವಾಗ ನನ್ನನ್ನ ಕೇಳಿದ್ರು. ಹೌದು ಅಂದೆ."

"ನೀನ್ಯಾಕೆ ನನಗೆ ಹೇಳಲಿಲ್ಲ?"

"ಬೇಡ ಅಂದ್ರು. ಕಾಕಾನ ಗಡಿಯಾರಕ್ಕೆ ಬೇಜಾರಾಗತ್ತೆ ಅಂತ ನಕ್ಕರು."

ನಾನು ಮಾಲೆ ಬಿಡಲಿಲ್ಲ. ಒಂಬತ್ತಕ್ಕೆ ಮೇಲಿನ ನೀರೂ ನಿಂತಿತು, ತಿರುಗಿತು. ಎಷ್ಟೋ ಹೊತ್ತಿನ ಮೇಲೆ, ಹೋಗಿದ್ದ ಹೂಗಳಲ್ಲಿ ಒಂದು ದೋಣಿಯ ಪಕ್ಕದಲ್ಲೇ ಹಿಂದಕ್ಕೆ ಬಂತು. ಆಮೇಲೆ ಇನ್ನೊಂದು. ಇದನ್ನು ತೋರಿಸಲು ಪಕ್ಕಕ್ಕೆ ತಿರುಗಿದೆ, ಖಾಲಿ ಹಲಗೆ.

ಹತ್ತಕ್ಕೆ ಅವನು ಲಂಗರೆತ್ತಿ ಹುಟ್ಟು ಹಿಡಿದ. ನನ್ನ ವೇಳೆ ಅವನಿಗೂ ಗೊತ್ತು.

"ಇರು," ಎಂದೆ. ಹೂಗಳು ಇನ್ನೂ ಬರುವುದಿತ್ತು.