ಪಿರಿಯಡ್ ಬದಲಾಗುವ ಹೊತ್ತು

ಆಗಿನ ಕಾಲಕ್ಕೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಶಾಲೆಯ ಮಕ್ಕಳ ಕಿವಿಯೆಲ್ಲ ರಸ್ತೆಯ ಕಡೆಗೇ. ಮಂಗಸೂಳಿಗೆ ಹೋಗುವ ರಸ್ತೆಗೆ ಹತ್ತಿಕೊಂಡು ನಮ್ಮೂರ ಶಾಲೆ. ದೀಪಾವಳಿ ಮುಗಿದು ಥಂಡಿ ಬೀಳುತ್ತಿದ್ದ ಹಾಗೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಬರುತ್ತಿದ್ದವು. ಪ್ರತಿಯೊಂದರ ಹಿಂದೆಯೂ ಜೋಡಿ ಟ್ರೇಲರು. ಡ್ರೈವರನ ತಲೆಯ ಮೇಲೆ ದೊಡ್ಡ ಸ್ಪೀಕರು, ಅದರಲ್ಲಿ ಒಮ್ಮೆ ಕನ್ನಡ ಹಾಡು, ಒಮ್ಮೆ ಮರಾಠಿ ಹಾಡು. ಗಾಡಿ ಕಣ್ಣಿಗೆ ಬೀಳುವ ಮೊದಲೇ ಹಾಡು ಕೇಳಿ ಅದು ಯಾರ ಗಾಡಿ ಎಂದು ಹೇಳುವ ಪ್ರವೀಣರು ನಮ್ಮ ತರಗತಿಯಲ್ಲಿದ್ದರು. ಗಾಣದ ಕಡೆಯಿಂದ ಕುದಿಯುವ ಬೆಲ್ಲದ ವಾಸನೆ, ಹೊಲದ ಕಡೆಯಿಂದ ಸುಟ್ಟ ರವದಿಯ, ಎಂದರೆ ಒಣಗಿದ ಕಬ್ಬಿನೆಲೆಯ ವಾಸನೆ, ರಸ್ತೆಯಿಂದ ಡೀಸೆಲ್ ಹೊಗೆ. ಇವಿಷ್ಟರ ನಡುವೆ ನಾವು ಭಿನ್ನರಾಶಿ ಕಲಿಯಬೇಕಿತ್ತು.

ಮಕ್ಕಳಿಗೆ ಅಪಾಯ ಆಗಬಾರದೆಂದು ಊರವರು ಶಾಲೆಯ ಮುಂದೆ ರಸ್ತೆಗೆ ಅಡ್ಡ ಒಂದು ದೊಡ್ಡ ಉಬ್ಬು ಹಾಕಿಸಿದ್ದರು. ಅದೇ ನಮಗೆ ಅನುಕೂಲವಾಯಿತು. ತುಂಬಿದ ಗಾಡಿ ಉಬ್ಬಿಗೆ ಬಂದು ಆಮೆಯಂತಾಗುತ್ತಿತ್ತು. ಹುಡುಗರು ಓಡಿ ಹೋಗಿ ಕಬ್ಬು ಹಿರಿಯುತ್ತಿದ್ದುದು ಅಲ್ಲಿಯೇ. ಇದರಲ್ಲೂ ಒಂದು ಶಾಸ್ತ್ರವಿತ್ತು: ಮುಂದಿನ ಟ್ರೇಲರಿಗೆ ಕೈ ಹಾಕಬಾರದು, ಡ್ರೈವರನ ಕನ್ನಡಿಗೆ ಕಾಣುತ್ತದೆ. ಹಿಂದಿನದಕ್ಕೇ ಹಾಕಬೇಕು.

ಈ ಶಾಸ್ತ್ರದಲ್ಲಿ ಪಂಡಿತ ನನ್ನ ಪಕ್ಕದ ಸಾಲಿನ ಮಾಳಪ್ಪ, ನಮಗೆಲ್ಲ ಮಾಳು. ಕುರಿ ಸಾಕುವವರ ಮಗ. ಅವನ ಅಂಗಿಗೆ ಯಾವಾಗಲೂ ಕಂಬಳಿಯ ವಾಸನೆ. ಹಿರಿದ ಕಬ್ಬನ್ನು ಮೊಣಕಾಲಿಗೆ ಬಡಿದು ಮುರಿದು, ಬುಡದ ಸಿಹಿ ತುಂಡು ನನಗೆ ಕೊಟ್ಟು, "ತಿನ್ನ ಸುಜಿ, ನಿಮ್ಮ ಹೊಲದ್ದ ಇದ್ರೂ ಇರಬಹುದು" ಎಂದು ನಗುತ್ತಿದ್ದ. ನಮ್ಮದೂ ಕಬ್ಬಿನ ಹೊಲ, ಆದರೆ ಮನೆಯ ಕಬ್ಬಿಗೆ ಆ ರುಚಿ ಎಲ್ಲಿಂದ ಬರಬೇಕು?

ಆರನೇ ಏಳನೇ ತರಗತಿಗಳು ಒಂದೇ ಉದ್ದನೆಯ ಕೋಣೆಯಲ್ಲಿದ್ದವು, ನಾವು ಆರನೆಯವರು. ನಡುವೆ ಎರಡು ಕಬ್ಬಿಣದ ಕಪಾಟು ಅಡ್ಡ ನಿಲ್ಲಿಸಿದ್ದರು. ಗಣಿತಕ್ಕೆ ಚೌಗಲಾ ಸರ್, ಕನ್ನಡಕ್ಕೆ ಶೈಲಾ ಅಕ್ಕೋರು. ಇಬ್ಬರೂ ಒಳ್ಳೆಯವರೇ. ಆದರೆ ಒಬ್ಬರ ಪಾಠ ಇನ್ನೊಬ್ಬರಿಗೆ ಗೊತ್ತಿರುತ್ತಿರಲಿಲ್ಲ. ಗಂಟೆ ಹೊಡೆಯುತ್ತಲೂ ಸರ್ ಸೀಮೆಸುಣ್ಣ ಇಟ್ಟು ಮುಂದಿನ ಬಾಗಿಲಿಂದ ಹೊರಡುತ್ತಿದ್ದರು. ಅಕ್ಕೋರು ಕಪಾಟಿನ ಆಚೆ ಏಳನೆಯವರಿಗೆ ಉಳಿದ ಪದ್ಯ ಮುಗಿಸಿ ನಿಧಾನಕ್ಕೆ ಈಚೆ ಬರುತ್ತಿದ್ದರು. ನಡುವಿನ ಆ ಹೊತ್ತು ನಮ್ಮದು. ಹಿಂದಿನ ಬಾಗಿಲು ಸೀದಾ ರಸ್ತೆಗೆ.

ಆ ಹೊತ್ತಿನಲ್ಲೇ ಅದು ನಡೆಯಿತು.

ಮಧ್ಯಾಹ್ನದ ಊಟವಾಗಿತ್ತು. ಗಂಟೆ ಹೊಡೆಯಿತು, ಸರ್ ಹೋದರು, ಹಾಡು ಕೇಳಿಸಿತು. ಮಾಳು ಬೆನ್ನಿಗೆ ಚೀಲ ಹಾಕಿಕೊಂಡೇ ಓಡಿದ. ನಾಲ್ಕಾರು ಹುಡುಗರು ಅವನ ಹಿಂದೆ. ನಾನು ಬಾಗಿಲಲ್ಲಿ ನಿಂತೆ. ಹಿಂದಿನ ಟ್ರೇಲರಿನ ಕಬ್ಬಿಗೆ ಮಾಳು ಕೈ ಹಾಕಿದ. ಕಬ್ಬು ಸಿಕ್ಕಿಕೊಂಡಿತ್ತು, ಬರಲಿಲ್ಲ. ಅವನು ಎರಡೂ ಕೈಯಿಂದ ಜೋತುಬಿದ್ದ. ಅಷ್ಟರಲ್ಲಿ ಗಾಡಿ ಉಬ್ಬು ಹತ್ತಿ ಇಳಿಯಿತು. ಟ್ರೇಲರು ಒಮ್ಮೆ ಆಚೆ ವಾಲಿ ಒಮ್ಮೆ ಈಚೆ ವಾಲಿತು. ಕಬ್ಬು ಕಿತ್ತು ಬಂತು, ಮಾಳು ಅದರ ಸಮೇತ ಒಳಮಗ್ಗುಲಿಗೆ, ಗಾಲಿಯ ಕಡೆಗೆ ಬಿದ್ದ.

ನಾನು ಕಿರುಚಿದೆ. ನನಗೇ ಕೇಳಿಸಲಿಲ್ಲ, ಅಷ್ಟು ಜೋರು ಹಾಡು. ಗಾಲಿ ಅವನ ಕಿವಿಯ ಹತ್ತಿರ ಉರುಳುತ್ತಾ ಬಂದು ಚೀಲದ ಮೇಲೆ ಹತ್ತಿತು. ಚೀಲದ ಪಟ್ಟಿ ಹರಿಯಿತು. ಅವನು ಈಚೆ ಹೊರಳಿದ. ಡ್ರೈವರನಿಗೆ ಏನೂ ಗೊತ್ತಾಗಲಿಲ್ಲ. ಗಾಡಿ ಹಾಡುತ್ತಲೇ ಹೋಯಿತು. ಚೀಲದೊಳಗಿದ್ದ ಊಟದ ಸ್ಟೀಲ್ ತಾಟು ಹಪ್ಪಳದಂತೆ ಚಪ್ಪಟೆಯಾಗಿತ್ತು. ಇಷ್ಟು ವರ್ಷವಾದರೂ ಕಣ್ಣು ಮುಚ್ಚಿದರೆ ಆ ಗಾಲಿ ಬರುತ್ತದೆ. ಕೆಲವು ಸಲ ಅವನು ಹೊರಳುವುದೇ ಇಲ್ಲ.

ಸರ್ ಒಂದು ಕಡೆಯಿಂದ, ಅಕ್ಕೋರು ಇನ್ನೊಂದು ಕಡೆಯಿಂದ ಓಡಿಬಂದರು. ಸರ್ ಮಾಳುವನ್ನು ಎತ್ತಿಕೊಂಡರು. ಎಡಗೈ ಮುರಿದು ಜೋತಾಡುತ್ತಿತ್ತು. ಅಕ್ಕೋರು ಅಂದರು: "ಸರ್, ಇವರು ನಿಮ್ಮ ಕಡೆ ಅದಾರಂತ ತಿಳ್ಕೊಂಡಿದ್ನಿರಿ."

ಸರ್ ಮುಖ ಸುಣ್ಣದ ಹಾಗಾಗಿತ್ತು. "ನಾ ನಿಮ್ಮ ಕಡೆ ಅದಾರಂತ ತಿಳ್ಕೊಂಡಿದ್ನಿ."

ಈ ಎರಡು ಮಾತನ್ನೂ ಮಾಳುವಿನ ಅಪ್ಪ ಕೇಳಿಸಿಕೊಂಡ. ಅವರ ಕುರಿಗಳು ಆ ವಾರ ಶಾಲೆಯ ಹಿಂದಿನ ಹೊಲದಲ್ಲೇ ಮೇಯುತ್ತಿದ್ದವು. ಕೂಗು ಕೇಳಿ ಕೋಲು ಹಿಡಿದೇ ಬಂದಿದ್ದ. ಮಗನ ಕೈ ನೋಡಿದ, ಇಬ್ಬರ ಮುಖ ನೋಡಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಅಂದ್ರ ಯಾರ ಕಡೀನೂ ಇದ್ದಿಲ್ಲ ಅನ್ರಿ," ಅಂದ. "ಇರಲಿ ಬಿಡ್ರಿ. ಕುರಿ ಹಿಂದ ಬಂದ್ರ ನನ್ನ ಕಣ್ಣ ಮುಂದರೆ ಇರ್ತಾನ."

ಹೀಗೆ ಮಾಳು ಶಾಲೆ ಬಿಟ್ಟ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದವನು ಕುರಿಗಳ ಜೊತೆ ಹೊಲದಲ್ಲಿ ಕೂತಿರುತ್ತಿದ್ದ. ಹಂಗಾಮು ಮುಗಿದರೆ ಅವರು ಕುರಿ ಹೊಡೆದುಕೊಂಡು ಬೇರೆ ಊರಿಗೆ ಹೋಗುವವರು. ಪ್ರತಿವರ್ಷ ಶಾಲೆಗೆಂದು ಊರಿನ ಅಜ್ಜಿಯ ಮನೆಯಲ್ಲಿ ಉಳಿಯುತ್ತಿದ್ದ ಮಾಳು ಈ ಸಲ ಅವರ ಜೊತೆ ಹೋದರೆ ಆಮೇಲೆ ಸಿಗುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಮೊದಲು ಶಾಲೆಯವರು ಹಿಂದಿನ ಬಾಗಿಲಿಗೆ ಬೀಗ ಹಾಕಿದರು. ನಾವು ಒಳಗೆ ಕೂತೆವು, ಆದರೆ ಕೂತದ್ದು ಮೈ ಮಾತ್ರ. ಹಾಡು ಬಂದರೆ ಹುಡುಗರ ಕಾಲು ತಾಳ ಹಾಕುತ್ತಿದ್ದವು. ನನಗೆ ಮಾತ್ರ ಕೈ ತಣ್ಣಗಾಗಿ ಪೆನ್ಸಿಲ್ ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ಹೋದರೆ ಕಪಾಟುಗಳು ನಡುವಿನಿಂದ ಎದ್ದು ಗೋಡೆಗೆ ಹತ್ತಿ ನಿಂತಿವೆ. ಎರಡೂ ತರಗತಿ ಒಂದಾಗಿದೆ. ಹಲಗೆಯ ಮುಂದೆ ಚೌಗಲಾ ಸರ್. ಶೈಲಾ ಅಕ್ಕೋರು? ನಮ್ಮ ಜೊತೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ, ಕೈಯಲ್ಲಿ ಬರೆಯುವ ಪಾಟಿ!

"ಅಕ್ಕೋರ, ನೀವ್ಯಾಕ್ರಿ ಕೆಳಗ?" ಎಂದಳು ನನ್ನ ಪಕ್ಕದ ಶೋಭಾ.

"ನನಗೂ ಗಣಿತ ಬರೂದಿಲ್ಲವಾ. ಸುಮ್ನ ಕೂಡು, ಸರ್ ಬೈತಾರ."

ನಮಗೆ ನಗು ತಡೆಯಲಾಗಲಿಲ್ಲ. ಸರ್ ಲೆಕ್ಕ ಹಾಕುತ್ತಾ ಎಂದಿನಂತೆ ಬೇಗ ಬೇಗ ಹೋದರು. ನಡುವೆ ಅಕ್ಕೋರು ಕೈ ಎತ್ತಿದರು. "ಸರ್, ಛೇದ ಯಾಕ ಒಂದ ಮಾಡಬೇಕ್ರಿ? ತಿಳೀಲಿಲ್ಲ. ನನಗಷ್ಟ ಅಲ್ಲ, ಈ ಸಾಲಿನಾಗ ಯಾರಿಗೂ ತಿಳಿದಿಲ್ಲ ನೋಡ್ರಿ."

ಒಬ್ಬ ಮಾಸ್ತರರಿಗೆ ಮಕ್ಕಳ ಮುಂದೆ ಇನ್ನೊಬ್ಬರು ಹೀಗೆ ಹೇಳಿದ್ದನ್ನು ನಾವು ಕಂಡಿರಲಿಲ್ಲ. ಸರ್ ಸಿಟ್ಟಾಗುತ್ತಾರೆ ಎಂದುಕೊಂಡೆವು. ಅವರು ಸೀಮೆಸುಣ್ಣದ ಕೈಯಿಂದಲೇ ತಲೆ ಕೆರೆದುಕೊಂಡು, ಕೂದಲು ಬೆಳ್ಳಗೆ ಮಾಡಿಕೊಂಡು, "ಹೌದ್ರಿ? ಹಂಗಾದ್ರ ನಾ ಒಬ್ಬನ ಮುಂದ ಓಡೇನಿ. ಮೊದಲಿಂದ ಮತ್ತ ಬರ್ತೀನಿ" ಎಂದು ಹಲಗೆ ಒರೆಸಿದರು. ಅವತ್ತು ನನಗೆ ಭಿನ್ನರಾಶಿ ತಿಳಿಯಿತು. ನನ್ನ ಬದಲು ಕೇಳುವವರೊಬ್ಬರು ನನ್ನ ಸಾಲಿನಲ್ಲೇ ಕೂತಿದ್ದರು.

ಕನ್ನಡದ ಪಿರಿಯಡ್ಡಿನಲ್ಲಿ ಪಾಳಿ ತಿರುಗಿತು. ಅಕ್ಕೋರು ಮುಂದೆ, ಸರ್ ಚಾಪೆಯ ಮೇಲೆ. ಸರ್‌ನಂಥ ತುಂಟ ವಿದ್ಯಾರ್ಥಿ ಯಾರೂ ಇರಲಿಲ್ಲ. ಪದ್ಯ ಓದಲು ಎಬ್ಬಿಸಿದರೆ ಲೆಕ್ಕ ಒಪ್ಪಿಸುವಂತೆ ಓದಿ, "ಕೂಡ್ರಿ ಸರ್, ಪದ್ಯ ಅಳಾಕತ್ತೈತಿ" ಎಂದು ಬೈಸಿಕೊಳ್ಳುತ್ತಿದ್ದರು. ಅವರಿಗಿಂತ ಚಂದ ಓದಬೇಕೆಂದು ನಾವೆಲ್ಲ ಕೈ ಎತ್ತುತ್ತಿದ್ದೆವು.

ಒಂದು ದಿನ ಪಾಠದ ನಡುವೆ ಟ್ರ್ಯಾಕ್ಟರಿನ ಹಾಡು ಬಂತು. ನನ್ನ ಪೆನ್ಸಿಲ್ ನಿಂತಿತು. ಪಕ್ಕದಲ್ಲಿ ಕೂತಿದ್ದ ಅಕ್ಕೋರು ಅದನ್ನು ನೋಡಿದರು. ಹಲಗೆಯ ಮುಂದೆ ನಿಂತ ಸರ್‌ಗೆ ಅದು ಎಂದೂ ಕಾಣುತ್ತಿರಲಿಲ್ಲ. ಅಕ್ಕೋರು ತಡೆಯಿರೆಂದು ಕೈ ತೋರಿಸಿದರು, ಸರ್ ಪಾಠ ನಿಲ್ಲಿಸಿದರು. ಹಾಡು ದೂರ ಹೋಗುವ ತನಕ ಎಲ್ಲರೂ ಕಾದೆವು. ಆಮೇಲೆ ಅಕ್ಕೋರು ನನ್ನ ತಣ್ಣನೆಯ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಕೇಳಿದರು: "ಅವತ್ತ ನೀ ಎಲ್ಲಿ ನಿಂತಿದ್ದಿ ಸುಜಾತಾ?"

ನಾನು ಹೇಳಿದೆ. ಅಳುತ್ತಾ ಹೇಳಿದೆ. ಬಾಗಿಲು ಎಲ್ಲಿ, ಗಾಲಿ ಎಲ್ಲಿ, ಮಾಳು ಎಲ್ಲಿ. ಅದುವರೆಗೆ ಮನೆಯಲ್ಲೂ ಹೇಳಿರಲಿಲ್ಲ. ನಾನು ಹೇಳಿದ್ದನ್ನೆಲ್ಲ ಸರ್ ನೆಲದ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಾ ಹೋದರು. ಮರುದಿನ ಎಲ್ಲರನ್ನೂ ಮೈದಾನಕ್ಕೆ ಕರೆದೊಯ್ದು, "ನಾ ಟ್ರ್ಯಾಕ್ಟರು," ಎಂದು ಸೊಂಟಕ್ಕೆ ಹಗ್ಗ ಕಟ್ಟಿಕೊಂಡರು. ಹಿಂದೆ ಅಕ್ಕೋರು ಮೊದಲನೇ ಟ್ರೇಲರು, ಅವರ ಹಿಂದೆ ನಾವು ಎರಡನೆಯದು. ಸರ್ ಡುರ್ ಡುರ್ ಎಂದು ಬೇವಿನ ಮರ ಸುತ್ತಿದರು. ತಿರುವಿನಲ್ಲಿ ಅಕ್ಕೋರು ಒಂದಿಷ್ಟು ಹೊರಗೆ ಹೋದರು, ನಾವು ಅವರಿಗಿಂತ ಎಷ್ಟೋ ಹೊರಗೆ ಎಸೆದಂತೆ ಹೋಗಿ ಒಬ್ಬರ ಮೇಲೊಬ್ಬರು ಬಿದ್ದೆವು.

"ಯಾವ ಟ್ರೇಲರು ಹೆಚ್ಚ ಜೋಲಿ ಹೊಡೀತೈತಿ?"

"ಹಿಂದಿಂದ ಸರ್!"

"ಟ್ರ್ಯಾಕ್ಟರಿಗೆ ಕಾಣದ್ದು ಯಾವುದು?"

"ಹಿಂದಿಂದ!" ಈ ಸಲ ಯಾರೂ ನಗಲಿಲ್ಲ. ನಮ್ಮ ಶಾಸ್ತ್ರವೇ ತಲೆಕೆಳಗಾಗಿತ್ತು. ಅಪಾಯವಿಲ್ಲವೆಂದು ನಾವು ಆರಿಸಿಕೊಂಡಿದ್ದ ಟ್ರೇಲರೇ ಎಲ್ಲಕ್ಕಿಂತ ಅಪಾಯದ್ದು. ಆ ಮಧ್ಯಾಹ್ನ ಅಕ್ಕೋರು ಅದನ್ನೇ ಬರೆಯಿಸಿದರು. ಗಣಿತ ಎಲ್ಲಿ ಮುಗಿಯಿತು, ಕನ್ನಡ ಎಲ್ಲಿ ಶುರುವಾಯಿತು, ನಮಗೆ ಗೊತ್ತಾಗಲಿಲ್ಲ. ಹಿಂದಿನ ಬಾಗಿಲಿನ ಬೀಗ ತೆಗೆದರು. ಹಾಡು ಬಂದು ಹೋಗುತ್ತಿತ್ತು. ಮೊದಮೊದಲು ತಲೆಗಳು ತಿರುಗಿದವು, ಆಮೇಲೆ ಅದೂ ನಿಂತಿತು.

ಆದರೆ ಮಾಳುವಿನ ಜಾಗ ಖಾಲಿಯೇ ಇತ್ತು. ಸರ್ ಮತ್ತು ಅಕ್ಕೋರು ಜೋಡಿಯಾಗಿ ಅವನಪ್ಪನ ಹತ್ತಿರ ಹೋಗಿ ಬಂದಿದ್ದರು. "ಕಲ್ಸೂದು ನನಗ ತಿಳಿಯಂಗಿಲ್ರಿ. ಕಾಯೂದು ತಿಳೀತೈತಿ," ಎಂದಿದ್ದನಂತೆ.

ಹಂಗಾಮಿನ ಕೊನೆಗೆ ಆ ಅಪ್ಪನೇ ಶಾಲೆಗೆ ಬಂದ. ನಾಳೆ ಊರು ಬಿಡುವವರು, ಹೇಳಿ ಹೋಗಲು ಬಂದಿದ್ದ. ಮಾಳು ಕೈಗೆ ಪಟ್ಟಿ ಕಟ್ಟಿಕೊಂಡು ಅವನ ಹಿಂದೆ. ಪಾಠ ನಡೆದಿದ್ದರಿಂದ ಇಬ್ಬರೂ ಹಿಂದಿನ ಬಾಗಿಲಲ್ಲೇ ನಿಂತರು. ಗಂಟೆ ಹೊಡೆಯಿತು. ಅದೇ ಹೊತ್ತಿಗೆ ರಸ್ತೆಯಲ್ಲಿ ಹಾಡು.

ಸರ್ ಸೀಮೆಸುಣ್ಣ ಇಟ್ಟರು, ಹೊರಡಲಿಲ್ಲ. ಅಕ್ಕೋರು ಚಾಪೆಯಿಂದ ಎದ್ದು ಮುಂದೆ ಬಂದರು. ಆ ದಿನಗಳಲ್ಲಿ ಅದು ಅವರ ನಿತ್ಯದ ಪದ್ಧತಿಯಾಗಿತ್ತು: ಒಬ್ಬರ ಕೈಯಿಂದ ಒಬ್ಬರ ಕೈಗೆ ತರಗತಿಯನ್ನು ಒಪ್ಪಿಸುವುದು, ಅದೂ ನಮ್ಮ ಎದುರಿಗೇ.

"ಎಲ್ಲಾರೂ ಅದಾರ್ರಿ," ಅಂದರು ಸರ್. "ಶೋಭಾ ಇವತ್ತ ಉಂಡಿಲ್ಲ, ಹೊಟ್ಟಿ ನೋವಂತ. ಹಿಂದಿನ ಸಾಲು ಭಾಗಾಕಾರದಾಗ ಸಿಕ್ಕೊಂಡೈತಿ. ಸುಜಾತಾ ಇವತ್ತ ತಾನಾಗೇ ಕೈ ಎತ್ತಿದ್ಲು."

"ಆತ್ರಿ ಸರ್, ನನ್ನ ಕಡೆ ಬಂದ್ರು," ಎಂದರು ಅಕ್ಕೋರು. ಆಮೇಲೆಯೇ ಸರ್ ಕಾಲು ಎತ್ತಿದ್ದು.

ಮಾಳುವಿನ ಅಪ್ಪ ಇದನ್ನೆಲ್ಲ ನೋಡುತ್ತಾ ನಿಂತಿದ್ದ. ಟ್ರ್ಯಾಕ್ಟರು ಉಬ್ಬು ದಾಟಿ ಹೋಯಿತು. ಅವನು ಕೋಲು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ದಿನಾ ಹಿಂಗ ಒಪ್ಪಿಸ್ತೀರೇನ್ರಿ?"

"ದಿನಾ," ಅಂದರು ಸರ್.

"ನಾವೂ ಕುರಿ ಕಾಯೂ ಮಂದಿ ಬದಲಾಗೂ ಮುಂದ ಹಿಂಗ ಮಾಡ್ತೀವ್ರಿ. ಯಾವ ಕುರಿ ಕುಂಟತೈತಿ, ಯಾವುದು ಮೇಯಲಿಲ್ಲ, ಹೇಳದ ಯಾರೂ ಕೋಲ ಇಳಿಸೂದಿಲ್ಲ." ಆಮೇಲೆ ಮಗನ ಬೆನ್ನಿಗೆ ಕೈಯಿಟ್ಟು ಒಳಗೆ ನೂಕಿದ. "ಇವ ಎಡಗೈ ಎತ್ತಬಾರದಂತ ಹೇಳ್ಯಾರ್ರಿ ಡಾಕ್ಟರು. ರಾತ್ರಿ ಬೆಚ್ಚಿ ಬೀಳ್ತಾನ. ಬೆಲ್ಲ ಕಂಡ್ರ ಕದೀತಾನ."

"ಆತ್ರಿ, ನಮ್ಮ ಕಡೆ ಬಂದ," ಅಂದರು ಅಕ್ಕೋರು. ಮಾಳು ನನ್ನ ಪಕ್ಕದ ಸಾಲಿಗೆ ಬಂದು ಕೂತ. ಅಪ್ಪ ಕುರಿಗಳ ಹಿಂದೆ ಹೋದ. ಮಾಳು ಅಜ್ಜಿಯ ಮನೆಯಲ್ಲಿ ಉಳಿದ.

ಈಗ ಮಾಳುವಿಗೆ ಅಥಣಿಯಲ್ಲಿ ಸ್ವಂತ ಅಂಗಡಿಯಿದೆ. ಆ ಕಥೆಯನ್ನು ಗಿರಾಕಿಗಳಿಗೆ ನಗುತ್ತಾ ಹೇಳುತ್ತಾನೆ. ಅವನಿಗೆ ಹಾಡು ಮಾತ್ರ ನೆನಪಿದೆಯಂತೆ. ಗಾಲಿ ನೋಡಿದವಳು ನಾನು. ನಾವು ಏಳನೆಗೆ ಹೋದ ವರ್ಷ ಸರ್‌ಗೆ ರಾಯಬಾಗದ ಕಡೆ, ಅಕ್ಕೋರಿಗೆ ನಿಪ್ಪಾಣಿಯ ಕಡೆ ವರ್ಗವಾಯಿತು. ಹೊಸಬರು ಬಂದರು, ಕಪಾಟುಗಳು ಮತ್ತೆ ನಡುವೆ ನಿಂತವು.

ನಾನೀಗ ಚಿಕ್ಕೋಡಿಯಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಗೋಡೆಗಳು ಗಟ್ಟಿ, ಹಲಗೆಗಳು ಬೆಳ್ಳಗೆ. ಗಂಟೆ ಹೊಡೆದರೆ ಎಲ್ಲರೂ ಹೊರಡುತ್ತಾರೆ. ನನಗೆ ಹೊರಡಲಾಗುವುದಿಲ್ಲ. ಮುಂದಿನ ಪಿರಿಯಡ್ಡಿನವರು ಬರುವ ತನಕ ಬಾಗಿಲಲ್ಲಿ ನಿಂತಿರುತ್ತೇನೆ. ಮೊನ್ನೆ ಅವರು ಬಂದಾಗ ಹೇಳಿದೆ: "ಸರ್, ಕಿಟಕಿ ಹತ್ರದ ಹುಡುಗಿ ಇವತ್ತ ತಲಿ ಎತ್ತಿಲ್ರಿ. ಸ್ವಲ್ಪ ನೋಡ್ಕೋರಿ."

ಅವರು ಮೊಬೈಲಿನಿಂದ ಕಣ್ಣೆತ್ತಿ, "ಯಾವ ಹುಡುಗಿ ಮೇಡಂ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಇನ್ನೂ ಸ್ವಲ್ಪ ಹೊತ್ತು ಹೊರಗೆ ನಿಂತಿದ್ದೆ.